ವಿಮಾನ ತಡವಾದಾಗ ಪರಿಹಾರ ಕೇಳುವುದು ದುರಾಸೆಯೇ?

ಚಿಕ್ಕಪ್ಪ: (ಫಾರ್ವರ್ಡ್ ಆಗಿ ಬಂದದ್ದು) "ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ವಿಮಾನ ಮೂರು ಗಂಟೆ ತಡವಾದರೆ ನಿಮಗೆ 600 ಯೂರೋ ಪರಿಹಾರ ಸಿಗುತ್ತದೆ. ಈ ಲಿಂಕ್ ಒತ್ತಿ ಟಿಕೆಟ್ ವಿವರ ತುಂಬಿ, ಉಳಿದದ್ದನ್ನು ಏಜೆನ್ಸಿ ನೋಡಿಕೊಳ್ಳುತ್ತದೆ." ಎಲ್ಲರೂ ಓದಿ, ಉಪಯೋಗಕ್ಕೆ ಬರುತ್ತದೆ.

ಅಕ್ಕ: ಪ್ಯಾರಿಸ್‌ನಿಂದ ಹೊರಟ ನಮ್ಮ ವಿಮಾನ ಐದು ಗಂಟೆ ತಡವಾಗಿ ತಲುಪಿತಲ್ಲ, ಅದರ ಬಗ್ಗೆ ನಾನು ಕಂಪನಿಗೆ ಬರೆದಿದ್ದೆ. ತಾಂತ್ರಿಕ ದೋಷದಿಂದ ತಡವಾದದ್ದರಿಂದ ಪರಿಹಾರ ಕೊಡಲು ಬರುವುದಿಲ್ಲ, ಬೇಕಿದ್ದರೆ ವೋಚರ್ ಕೊಡುತ್ತೇವೆ ಎಂದು ನಿನ್ನೆ ಉತ್ತರ ಬಂದಿದೆ. ಅದನ್ನೇ ಒಪ್ಪಿಕೊಂಡುಬಿಡೋಣ ಎಂದುಕೊಂಡಿದ್ದೇನೆ.

ದೊಡ್ಡಪ್ಪ: ಒಪ್ಪಿಕೋ, ಅಲ್ಲಿಗೆ ಬಿಟ್ಟುಬಿಡು. ದೋಷವಿದ್ದ ವಿಮಾನವನ್ನು ಹಾರಿಸದೆ ರಿಪೇರಿ ಮಾಡಿಸಿ ನಿಮ್ಮನ್ನು ಸುರಕ್ಷಿತವಾಗಿ ತಲುಪಿಸಿದ್ದಾರೆ. ಅದಕ್ಕೂ ದುಡ್ಡು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲರೂ ಹೀಗೆ ಕೇಳತೊಡಗಿದರೆ, ದೋಷವನ್ನು ಮುಚ್ಚಿಟ್ಟು ಹಾರಿಸುವ ಕಾಲ ಬಂದೀತು.

ನಾನು: ದೊಡ್ಡಪ್ಪ, ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಈ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಲಾರೆ. ವಿಮಾನ ಪ್ರಯಾಣಿಕರ ಪರಿಹಾರಕ್ಕೆಂದೇ ಇರುವ ಯುರೋಪಿಯನ್ ಒಕ್ಕೂಟದ 261/2004 ಸಂಖ್ಯೆಯ ನಿಯಮದಲ್ಲಿ ಪರಿಹಾರ ಕೊಡುವುದರಿಂದ ಕಂಪನಿಗಳಿಗೆ ವಿನಾಯಿತಿ ಇರುವುದು "ಅಸಾಧಾರಣ ಸಂದರ್ಭ"ಗಳಿಗೆ ಮಾತ್ರ. ವಿಮಾನ ಕೆಡುವುದು, ಅದನ್ನು ಸರಿಪಡಿಸುವುದು ವಿಮಾನಯಾನ ಕಂಪನಿಯ ದಿನನಿತ್ಯದ ಕೆಲಸದ ಭಾಗವೇ ಆಗಿರುವುದರಿಂದ ಸಾಮಾನ್ಯ ತಾಂತ್ರಿಕ ದೋಷವನ್ನು ಅಸಾಧಾರಣ ಎನ್ನಲಾಗದು ಎಂದು ಒಕ್ಕೂಟದ ನ್ಯಾಯಾಲಯ 2008ರಲ್ಲೇ ತೀರ್ಪು ಕೊಟ್ಟಿದೆ. ತಯಾರಿಕೆಯಲ್ಲೇ ಅಡಗಿದ್ದ ದೋಷವನ್ನು ತಯಾರಕರು ದಿಢೀರನೆ ಬಯಲು ಮಾಡಿದರೆ, ಅಥವಾ ಯಾರಾದರೂ ವಿಧ್ವಂಸಕ ಕೃತ್ಯ ಎಸಗಿದ್ದರೆ ಆ ಮಾತು ಬೇರೆ. ಹಕ್ಕಿ ಬಡಿದದ್ದನ್ನೂ ನ್ಯಾಯಾಲಯ ಅಸಾಧಾರಣವೆಂದೇ ಒಪ್ಪಿದೆ. ಆದರೆ ಅಂಥದ್ದು ನಡೆದಿದೆ ಎಂದು ತೋರಿಸಬೇಕಾದವರು ಕಂಪನಿಯವರೇ ಹೊರತು ಅಕ್ಕನಲ್ಲ. ತಮ್ಮ ಕೈಲಾದ ಕ್ರಮಗಳನ್ನೆಲ್ಲ ಕೈಗೊಂಡರೂ ವಿಳಂಬ ತಪ್ಪಲಿಲ್ಲ ಎಂಬುದನ್ನೂ ಅವರೇ ಸಾಬೀತು ಮಾಡಬೇಕು. "ತಾಂತ್ರಿಕ ದೋಷ" ಎಂಬ ಎರಡೇ ಪದಗಳಲ್ಲಿ ಆ ಹೊಣೆ ಮುಗಿಯುವುದಿಲ್ಲ.

ಇನ್ನು ದೋಷ ಮುಚ್ಚಿಟ್ಟು ಹಾರಿಸುವ ಭಯದ ಬಗ್ಗೆ. ವಿಮಾನ ಹಾರಲು ಯೋಗ್ಯವೋ ಅಲ್ಲವೋ ಎಂಬುದನ್ನು ನೋಡಲು ಬೇರೆಯದೇ ಕಾನೂನು ಮತ್ತು ತಪಾಸಣೆಯ ವ್ಯವಸ್ಥೆ ಇದೆ, ಅದನ್ನು ಮೀರಿದರೆ ಕಂಪನಿಯ ಪರವಾನಗಿಗೇ ಕುತ್ತು. ಪರಿಹಾರದ ನಿಯಮವು ರಿಪೇರಿ ಮಾಡಿದ್ದಕ್ಕೆ ದಂಡ ಹಾಕುತ್ತಿಲ್ಲ. ಪ್ರಯಾಣಿಕರು ಕಳೆದುಕೊಂಡ ಸಮಯಕ್ಕೆ ಕಂಪನಿಯನ್ನು ಹೊಣೆ ಮಾಡುತ್ತದೆ, ಅಷ್ಟೇ.

ಭಾವ: ಹಾಗಾದರೆ ಚಿಕ್ಕಪ್ಪ ಕಳಿಸಿದ್ದು ಸರಿಯೇ ಇದೆಯಲ್ಲ? ನಾವೂ ಹೋದ ಸಲದ ಪ್ರಯಾಣಕ್ಕೆ ಹಾಕಿಬಿಡೋಣವೇ?

ನಾನು: ಇಲ್ಲ ಭಾವ, ಅದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ನನಗೆ ಆತಂಕ. ಈ ನಿಯಮ ಅನ್ವಯಿಸುವುದು ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಎಲ್ಲ ವಿಮಾನಗಳಿಗೆ. ಹೊರಗಿನಿಂದ ಅಲ್ಲಿಗೆ ಬರುವ ವಿಮಾನವಾದರೆ ಕಂಪನಿ ಒಕ್ಕೂಟದ್ದಾಗಿರಬೇಕು. ಮೊತ್ತವೂ ಎಲ್ಲರಿಗೂ ಒಂದೇ ಅಲ್ಲ. 1,500 ಕಿಲೋಮೀಟರಿನವರೆಗೆ 250 ಯೂರೋ, ಅದಕ್ಕಿಂತ ದೂರವಾದರೆ ಸಾಮಾನ್ಯವಾಗಿ 400, ಒಕ್ಕೂಟದ ಹೊರಗೆ 3,500 ಕಿಲೋಮೀಟರ್ ದಾಟಿದರೆ 600. ಈ ಕೊನೆಯ ವರ್ಗದಲ್ಲಿ ತಲುಪಿದ್ದು ನಾಲ್ಕು ಗಂಟೆಗಿಂತ ಕಡಿಮೆ ತಡವಾಗಿದ್ದರೆ ಅರ್ಧಕ್ಕೆ ಇಳಿಸಬಹುದು. ಭಾರತದ ನಿಯಮದಲ್ಲಂತೂ ಬರೀ ವಿಳಂಬಕ್ಕೆ ಹೀಗೆ ನಿಗದಿಯಾದ ನಗದು ಪರಿಹಾರವೇ ಇಲ್ಲ. ಬೇರೆ ಬೇರೆ ದೇಶಗಳ ನಡುವಿನ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆಯಾದರೂ, ಅದರಡಿ ವಿಳಂಬದಿಂದ ನಿಜವಾಗಿ ಆದ ನಷ್ಟವನ್ನು ರಸೀದಿ ಸಮೇತ ತೋರಿಸಬೇಕಾಗುತ್ತದೆ, ದಾವೆ ಹೂಡಲು ಇರುವ ಅವಧಿ ಎರಡು ವರ್ಷ.

ಆ ಸಂದೇಶದ ಇನ್ನೊಂದು ದೊಡ್ಡ ಕೊರತೆಯೆಂದರೆ, ಕಾಯುವಾಗಿನ ಊಟ-ವಸತಿಯ ಮಾತನ್ನೇ ಅದು ಎತ್ತಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿದಾಗ ಪರಿಹಾರ ಕೊಡುವ ಪ್ರಶ್ನೆ ಇರಲಿಲ್ಲ. ಆದರೂ ಸಿಕ್ಕಿಕೊಂಡ ಪ್ರಯಾಣಿಕರ ಊಟ-ವಸತಿಯ ಹೊಣೆ ಕಂಪನಿಯದೇ ಎಂದು ನ್ಯಾಯಾಲಯ 2013ರಲ್ಲಿ ಹೇಳಿತು. ಪರಿಹಾರ ಸಿಗದು ಎಂದಾಕ್ಷಣ ಎಲ್ಲವೂ ಮುಗಿಯಿತೆಂದು ತಿಳಿದು ಜನ ತಮ್ಮ ಕೈಯಿಂದ ಹೋಟೆಲ್ ಖರ್ಚು ಹಾಕಿಕೊಳ್ಳುತ್ತಾರೆ, ಇದು ನನಗೆ ತುಂಬಾ ನೋವಿನ ವಿಷಯ.

ಚಿಕ್ಕಪ್ಪ: ಏಜೆನ್ಸಿಗೆ ಕೊಟ್ಟರೆ ತಲೆನೋವು ತಪ್ಪುತ್ತದೆ ಎಂದು ಕಳಿಸಿದೆನಪ್ಪ, ಬೇರೇನೂ ಅಲ್ಲ.

ನಾನು: ಕೊನೆಯ ದಾರಿಯಾಗಿ ಅದು ಇರಲಿ, ಚಿಕ್ಕಪ್ಪ. ಆದರೆ ಬಂದ ಹಣದಲ್ಲಿ ಅವರು ಒಂದು ಪಾಲು ಹಿಡಿದುಕೊಳ್ಳುತ್ತಾರೆ, ನಾವೇ ಕಂಪನಿಗೆ ಬರೆಯುವುದಕ್ಕೆ ಯಾವ ಶುಲ್ಕವೂ ಇಲ್ಲ. ಪರಿಚಯವಿಲ್ಲದ ಲಿಂಕಿನಲ್ಲಿ ಪಾಸ್‌ಪೋರ್ಟ್, ಬ್ಯಾಂಕ್ ವಿವರಗಳನ್ನು ದಯವಿಟ್ಟು ಯಾರೂ ತುಂಬಬೇಡಿ.

ಅಕ್ಕ: ನಾನೀಗ ಏನು ಬರೆಯಲಿ? ತಡವಾದದ್ದು ಐದು ಗಂಟೆಯಲ್ಲ, ನಾಲ್ಕೇ ಮುಕ್ಕಾಲು ಎಂದೂ ಅವರು ವಾದಿಸುತ್ತಿದ್ದಾರೆ.

ನಾನು: ನಿನ್ನ ಪ್ರಯಾಣ 3,500 ಕಿಲೋಮೀಟರ್ ದಾಟಿದ ವರ್ಗದ್ದು, ತಡವಾದದ್ದು ನಾಲ್ಕೇ ಮುಕ್ಕಾಲು ಎಂದೇ ಇಟ್ಟುಕೊಂಡರೂ ನಾಲ್ಕು ಗಂಟೆ ಮೀರಿದ್ದರಿಂದ ನಿನಗೆ ಪೂರ್ತಿ 600 ಬರಬೇಕು, ಅದರ ಬಗ್ಗೆ ಜಗಳ ಬೇಡ. ಲೆಕ್ಕಕ್ಕೆ ಹಿಡಿಯುವುದು ಚಕ್ರ ನೆಲ ಮುಟ್ಟಿದ ಸಮಯವನ್ನಲ್ಲ, ಪ್ರಯಾಣಿಕರು ಇಳಿಯಲೆಂದು ಒಂದು ಬಾಗಿಲಾದರೂ ತೆರೆದ ಸಮಯವನ್ನು. ಇದನ್ನು 2014ರಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಿದೆ. ವೋಚರ್‌ಗೆ ಸಹಿ ಹಾಕಬೇಡ, ಏಕೆಂದರೆ ಪ್ರಯಾಣಿಕರ ಲಿಖಿತ ಒಪ್ಪಿಗೆ ಇಲ್ಲದೆ ಹಣದ ಬದಲು ವೋಚರ್ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ವಿಮಾನದ ಸಂಖ್ಯೆ, ದಿನಾಂಕ, ತಲುಪಿದ ಸಮಯ, ಕೇಳುವ ಮೊತ್ತ ಇಷ್ಟನ್ನು ಬರೆದು, ಯಾವ ಭಾಗದಲ್ಲಿ ಯಾವ ದೋಷ ಕಂಡಿತು, ಅದು ಏಕೆ ಅಸಾಧಾರಣ ಎಂಬುದನ್ನು ಲಿಖಿತವಾಗಿ ತಿಳಿಸಿ ಎಂದು ಕೇಳು. ಮತ್ತೆ ನಿರಾಕರಿಸಿದರೆ ವಿಮಾನ ಹೊರಟ ದೇಶದ ಪ್ರಾಧಿಕಾರಕ್ಕೆ, ಅಂದರೆ ನಿನಗೆ ಫ್ರಾನ್ಸಿನ ಅಧಿಕಾರಿಗಳಿಗೆ ದೂರು ಕೊಡಬಹುದು.

ದೊಡ್ಡಪ್ಪ: ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಆದರೂ ಕಾರಣ ಕೇಳುವುದರಲ್ಲಿ ತಪ್ಪಿಲ್ಲ ಎನ್ನುವುದು ನಿಜ. ಪತ್ರ ಬರೆದ ಮೇಲೆ ನನಗೂ ಒಮ್ಮೆ ತೋರಿಸಿ, ಭಾಷೆ ಗಡುಸಾಗದಂತೆ ನೋಡುತ್ತೇನೆ.

ಅಕ್ಕ: ಬೋರ್ಡಿಂಗ್ ಪಾಸ್ ಮತ್ತು ಅವರ ಉತ್ತರ ಎರಡರ ಫೋಟೋವನ್ನೂ ರಾತ್ರಿ ಇಲ್ಲಿಗೇ ಹಾಕುತ್ತೇನೆ.