ಹಾಸ್ಟೆಲ್ ಡ್ರಮ್ಮಿನಲ್ಲಿ ಸೊಳ್ಳೆ ಮರಿ: ನೀರು ಬದಲಿಸಿದರೂ ಹೋಗುತ್ತಿಲ್ಲ

ಪ್ರಶ್ನೆ: ಬಚ್ಚಲಿನ 200 ಲೀಟರ್ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತುಂಬಿಸುತ್ತೇವೆ. ಆದರೂ ಹುಳು ಬರುತ್ತವೆ. ಡೆಂಗಿ ಭಯ. ಏನು ತಪ್ಪು?

ಉತ್ತರ 1: ಖಾಲಿ ಮಾಡಿದರೆ ಸಾಲದು, ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಡ್ರಮ್ಮಿನ ಒಳಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ; ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಗಟ್ಟಿ ಬ್ರಷ್ ಇಲ್ಲವೇ ತೆಂಗಿನ ನಾರಿನಿಂದ ಬಾಯಂಚಿನವರೆಗೂ ತಿಕ್ಕಿ. ಹುಳುವಿರುವ ನೀರನ್ನು ಒಣ ಮಣ್ಣಿಗೆ ಚೆಲ್ಲಿ. ಸೆಕೆಯಲ್ಲಿ 7–10 ದಿನಕ್ಕೆ ಮೊಟ್ಟೆ ಸೊಳ್ಳೆಯಾಗುತ್ತದೆ, ಹಾಗಾಗಿ ಒಂದು ವಾರವೂ ತಪ್ಪಬಾರದು.

ಉತ್ತರ 2: ಮುಚ್ಚಳ ಸಡಿಲವಾಗಿದ್ದರೆ ಹತ್ತಿ ಬಟ್ಟೆ ಹೊದಿಸಿ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಕಟ್ಟಿ. ಬಟ್ಟೆ ತಗ್ಗಿ ನೀರು ಮುಟ್ಟದಿರಲಿ.

ಪ್ರಶ್ನೆ ಕೇಳಿದವರು: ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಸಾಕೇ?

ಉತ್ತರ 1: ಸಾಲದು. ಇದು ಹೆಚ್ಚಾಗಿ ಹಗಲಲ್ಲೇ ಕಚ್ಚುವ ಸೊಳ್ಳೆ. ಬೆಳಿಗ್ಗೆ, ಸಂಜೆ ತುಂಬುತೋಳು ಹಾಕಿ. ಜ್ವರ ಬಂದರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಬಹುದು.