ದೊಡ್ಡಮ್ಮನ ಸಿಟ್ಟಿಗೆ ನನ್ನ ಉತ್ತರ: ಅದೇ ಮುಖ, ಬೇರೆ ಪಾತ್ರ

ದೊಡ್ಡಮ್ಮ, ನಿಮ್ಮ ಮಾತನ್ನು ಎರಡು ಸಲ ಕೇಳಿದೆ. ಅಮೆರಿಕದ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯಲ್ಲಿ ಡಾಕ್ಟರ್ ಸೈಲಸ್ ಕ್ಲೇ ಕೊಲೆಯಾದ, ನೀವು ಅತ್ತಿರಿ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದೇ ಮನುಷ್ಯ ಡಾಕ್ಟರ್ ಫಿನ್ ಎಂಬ ಹೆಸರಿನಲ್ಲಿ ಅದೇ ಊರಿಗೆ ಬಂದು ನಿಂತ. ‘ನೋಡುವವರಿಗೆ ಕಣ್ಣಿಲ್ಲವೆಂದು ತಿಳಿದಿದ್ದಾರೆಯೇ?’ ಎಂದು ಕೇಳಿದ್ದೀರಿ. ಭಾವ ಅದಕ್ಕೆ ತಾಳ ಹಾಕಿ, ಅಮೆರಿಕದಲ್ಲಿ ಬೇರೆ ನಟರಿಗೆ ಬರವೇ ಎಂದಿದ್ದಾರೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ. ಈ ವಿಷಯದಲ್ಲಿ ನಾನು ನಟನ ಪಕ್ಷ.

ಈ ಎರಡೂ ಪಾತ್ರ ಮಾಡಿದ ನಟ ಮೈಕೆಲ್ ಈಸ್ಟನ್ ಮೊದಲು ಅಲ್ಲಿಗೆ ಬಂದದ್ದು ಸೈಲಸ್ ಆಗಿ ಅಲ್ಲ. ‘ಒನ್ ಲೈಫ್ ಟು ಲಿವ್’ ಎಂಬ ಇನ್ನೊಂದು ಧಾರಾವಾಹಿಯಲ್ಲಿ ಅವರು ವರ್ಷಗಟ್ಟಲೆ ಜಾನ್ ಮೆಕ್‌ಬೇನ್ ಎಂಬ ಪೊಲೀಸ್ ಅಧಿಕಾರಿಯಾಗಿದ್ದರು. ಎಬಿಸಿ ವಾಹಿನಿ 2012ರ ಜನವರಿಯಲ್ಲಿ ಅದನ್ನು ನಿಲ್ಲಿಸಿತು. ಕೆಲವು ಪಾತ್ರಗಳು, ಅದೇ ನಟರ ಸಮೇತ, ‘ಜನರಲ್ ಹಾಸ್ಪಿಟಲ್’ಗೆ ವಲಸೆ ಬಂದವು. ಆದರೆ ಆ ಪಾತ್ರಗಳ ಹಕ್ಕನ್ನು ಅಷ್ಟರಲ್ಲಾಗಲೇ ಪ್ರಾಸ್ಪೆಕ್ಟ್ ಪಾರ್ಕ್ ಎಂಬ ಕಂಪನಿ ಪಡೆದಿತ್ತು. ಹಳೆಯ ಧಾರಾವಾಹಿಯನ್ನು ಅಂತರ್ಜಾಲದಲ್ಲಿ ಮತ್ತೆ ಆರಂಭಿಸುವುದು ಅದರ ಯೋಜನೆ. ಜಗಳ ಹತ್ತಿಕೊಂಡಿತು. 2013ರ ಆರಂಭದಲ್ಲಿ ಆ ಪಾತ್ರಗಳು ತೆರೆಯಿಂದ ಮರೆಯಾಗಲೇಬೇಕಾಯಿತು. ಇಲ್ಲೇ ಗಂಟು ಇರುವುದು. ಪಾತ್ರ ಒಬ್ಬರ ಸೊತ್ತು, ನಟನ ಒಪ್ಪಂದ ಇನ್ನೊಬ್ಬರ ಬಳಿ. ಮೆಕ್‌ಬೇನ್ ಎಂಬ ಹೆಸರನ್ನು ಬಿಟ್ಟುಕೊಡಬೇಕಾಯಿತು, ಈಸ್ಟನ್ ಮಾತ್ರ ಉಳಿದರು. ಕೆಲವೇ ತಿಂಗಳಲ್ಲಿ ಸೈಲಸ್ ಕ್ಲೇ ಹುಟ್ಟಿದ. ಅದೇ ಹೊತ್ತಿಗೆ ಟಾಡ್ ಮ್ಯಾನಿಂಗ್ ಆಗಿದ್ದ ರೋಜರ್ ಹೋವರ್ತ್ ಫ್ರಾಂಕೋ ಆದರು, ಸ್ಟಾರ್ ಎಂಬ ಹೆಸರಿನ ಪಾತ್ರದಲ್ಲಿದ್ದ ಕ್ರಿಸ್ಟನ್ ಆಲ್ಡರ್ಸನ್ ಕೀಕಿ ಆದಳು.

ಆ ಹುಡುಗಿಯ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ. 1998ರಲ್ಲಿ ಪುಟ್ಟ ಮಗುವಾಗಿ ಸ್ಟಾರ್ ಪಾತ್ರಕ್ಕೆ ಬಣ್ಣ ಹಚ್ಚಿದವಳು. ನೋಡುವವರ ಕಣ್ಣೆದುರಿಗೇ ಬೆಳೆದವಳು. ಇದ್ದಕ್ಕಿದ್ದಂತೆ ಆ ಹೆಸರನ್ನು ಯಾರದೋ ಕಾಗದಪತ್ರಕ್ಕಾಗಿ ಕಳಚಿಡಬೇಕಾಯಿತು. ಇಷ್ಟು ಸಾಲದೆಂಬಂತೆ, ಸ್ಟಾರ್‌ನನ್ನು ಪ್ರೀತಿಸಿದ್ದ ಮೈಕೆಲ್ ಎಂಬ ಹುಡುಗನೇ ಮುಂದೆ ಕೀಕಿಯನ್ನೂ ಪ್ರೀತಿಸುವಂತೆ ಕಥೆ ಬರೆದರು. ದೊಡ್ಡಮ್ಮ, ನಿಮ್ಮ ಸಿಟ್ಟು ನ್ಯಾಯವಾಗಿ ಸಲ್ಲಬೇಕಾದದ್ದು ಇಂಥ ಕಡೆ. ಮುಖ ಮರೆಯಿರಿ ಎಂದು ನಮ್ಮನ್ನು ಕೇಳಿಕೊಂಡವರೇ ಅದೇ ಜೋಡಿಯನ್ನು ತಂದು ಎದುರಿಗೆ ಕೂರಿಸಿದರೆ ನಾವು ಮರೆಯುವುದು ಹೇಗೆ? ಇದು ಬರೆದವರ ತಪ್ಪು. ಆ ಹುಡುಗಿ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿದಳು.

ಭಾವನ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ನಟರಿಗೆ ಬರವಿಲ್ಲ ಭಾವ, ಸಮಯಕ್ಕೆ ಬರ. ಇವು ವಾರದಲ್ಲಿ ಐದು ದಿನ ಪ್ರಸಾರವಾಗುವ ಧಾರಾವಾಹಿಗಳು. ದಿನಕ್ಕೆ ಹತ್ತಾರು ಪುಟ ಮಾತುಗಳನ್ನು ಬಾಯಿಪಾಠ ಮಾಡಿ, ಹಲವು ಕ್ಯಾಮೆರಾಗಳ ಮುಂದೆ ಹೆಚ್ಚುಕಡಿಮೆ ಒಂದೇ ಸಲಕ್ಕೆ ಹೇಳಿ ಮುಗಿಸಬೇಕು. ಆ ವೇಗಕ್ಕೆ ಒಗ್ಗಿದವರು ಸಿಕ್ಕರೆ ಯಾರು ತಾನೇ ಬಿಟ್ಟಾರು?

ಹಾಗೆಂದು ಹೀಗೆ ಮರಳಿ ಕರೆದದ್ದೆಲ್ಲ ಸರಿ ಎನ್ನುವುದಿಲ್ಲ. ಆಂಥನಿ ಗೇರಿಯ ಕಥೆ ಕೇಳಿ. ಇದೇ ಧಾರಾವಾಹಿಯ ಲ್ಯೂಕ್ ಅವರು. 1981ರ ನವೆಂಬರಿನಲ್ಲಿ ನಡೆದ ಲ್ಯೂಕ್ ಮತ್ತು ಲಾರಾ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಅಂಥ ಪಾತ್ರವನ್ನು ಬಿಟ್ಟು ಹೋದ ಗೇರಿ 1991ರಲ್ಲಿ ಹಿಂತಿರುಗಿದಾಗ ಅವರಿಗೆ ಕೊಟ್ಟದ್ದು ಬಿಲ್ ಎಕರ್ಟ್ ಎಂಬ ಪಾತ್ರ. ಯಾರು ಈ ಬಿಲ್? ಲ್ಯೂಕ್‌ನಂತೆಯೇ ಕಾಣುವ ಅವನ ಸೋದರಸಂಬಂಧಿ! ಪಾಪ, ಬಿಲ್ ಏನು ಮಾಡಿದರೂ ಜನರಿಗೆ ಅವನಲ್ಲಿ ಕಾಣುತ್ತಿದ್ದದ್ದು ಲ್ಯೂಕ್‌ನೇ. 1993ರಲ್ಲಿ ಲ್ಯೂಕ್‌ನನ್ನು ಮರಳಿ ಕರೆತಂದು ಬಿಲ್‌ನನ್ನು ಸಾಯಿಸಿದರು, ಅದೂ ಲ್ಯೂಕ್‌ನ ತೋಳಿನಲ್ಲಿ. ಒಬ್ಬನೇ ನಟ ಸಾಯುವವನೂ ಆಗಿ, ಅವನನ್ನು ಹಿಡಿದುಕೊಂಡವನೂ ಆಗಿ ನಟಿಸಬೇಕಾಯಿತು. ಎರಡು ವರ್ಷ ಒಂದು ಪಾತ್ರಕ್ಕೆ ಉಸಿರು ತುಂಬಿದ ಮನುಷ್ಯನಿಗೆ ಅದನ್ನು ತನ್ನ ಕೈಯಾರೆ ಕಳುಹಿಸಿಕೊಡುವಾಗ ಏನನ್ನಿಸಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊಸ ಪಾತ್ರಕ್ಕೆ ಹಳೆಯ ಪಾತ್ರದ ನಂಟು ಅಂಟಿಸಿದರೆ ಅದು ತನ್ನ ಕಾಲ ಮೇಲೆ ನಿಲ್ಲುವುದೇ ಇಲ್ಲ.

ಸಣ್ಣ ಪಾತ್ರ ಮಾಡಿ ಹೋದವರು ದೊಡ್ಡ ಪಾತ್ರಕ್ಕೆ ಮರಳುವುದರಲ್ಲಿ ಈ ತೊಡಕಿಲ್ಲ. ಆಸ್ಟ್ರೇಲಿಯಾದ ‘ನೇಬರ್ಸ್’ನಲ್ಲಿ ಅಲನ್ ಫ್ಲೆಚರ್ 1987ರಲ್ಲಿ ಗ್ರೆಗ್ ಕೂಪರ್ ಎಂಬ ಮೆಕ್ಯಾನಿಕ್. 1994ರಲ್ಲಿ ಅವರೇ ಡಾಕ್ಟರ್ ಕಾರ್ಲ್ ಕೆನಡಿ. ಇವತ್ತು ಕಾರ್ಲ್ ಎಂದರೆ ಅವರೇ, ಮೆಕ್ಯಾನಿಕ್ ಯಾರಿಗೆ ನೆನಪಿದ್ದಾನೆ? ಬ್ರಿಟನ್ನಿನ ‘ಕಾರೊನೇಷನ್ ಸ್ಟ್ರೀಟ್’ನಲ್ಲಿ ಬೆವರ್ಲಿ ಕ್ಯಾಲರ್ಡ್ ಕೂಡ ಹಾಗೆಯೇ. 1984ರಲ್ಲಿ ಜೂನ್ ಡ್ಯೂಹರ್ಸ್ಟ್, 1989ರಿಂದ ಲಿಜ್ ಮೆಕ್‌ಡೊನಾಲ್ಡ್. ಕಾಲ ಎಲ್ಲವನ್ನೂ ಅಳಿಸಿಹಾಕುತ್ತದೆ.

ಈಸ್ಟನ್ ಅವರಿಗೆ ಆ ಕಾಲಾವಕಾಶ ಸಿಗಲಿಲ್ಲ. ಸೈಲಸ್ ಕೊಲೆಯಾದದ್ದು 2015ರಲ್ಲಿ, ಫಿನ್ ಬಂದದ್ದು 2016ರಲ್ಲಿ. ಅವನೂ ಡಾಕ್ಟರ್, ಇವನೂ ಡಾಕ್ಟರ್. ನಿಮಗೆ ನೋವಾಗಿದ್ದು ಸಹಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸಬನನ್ನು ಕನಿಷ್ಠ ಬೇರೆ ವೃತ್ತಿಯವನನ್ನಾಗಿ ಮಾಡಬಹುದಿತ್ತು. ಆದರೆ ಒಂದು ವಿಷಯ ಗಮನಿಸಿ ದೊಡ್ಡಮ್ಮ. ಬರೆದವರು ಫಿನ್‌ಗೆ ಒಂದು ಸಾಕುಪ್ರಾಣಿ ಕೊಟ್ಟಿದ್ದಾರೆ, ರಾಕ್ಸಿ ಎಂಬ ಹೆಸರಿನ ಗಡ್ಡದ ಓತಿ. ಅದು ಅವನ ಜೊತೆಗೇ ಇರುತ್ತದೆ. ಮನುಷ್ಯರ ಹತ್ತಿರ ಬಿಗಿಯಾಗಿರುವ ಫಿನ್ ಓತಿಯೊಡನೆ ಮೃದುವಾಗಿ ಮಾತನಾಡುವುದನ್ನು ನೋಡಿದಾಗ ನನಗೆ ಸೈಲಸ್ ಮೊದಲ ಸಲ ಮರೆತುಹೋದ. ಇನ್ನೊಂದು, ಅವನು ಯಾರಿಗೂ ಕಾಣದಂತೆ ತನಗೆ ತಾನೇ ಸೂಜಿ ಚುಚ್ಚಿಕೊಳ್ಳುವುದು. ಏಕೆಂದು ಈಗ ಹೇಳುವುದಿಲ್ಲ, ನೀವು ಅಲ್ಲಿಗೆ ಇನ್ನೂ ತಲುಪಿಲ್ಲ. ಆ ಗುಟ್ಟು ಸೈಲಸ್‌ಗೂ ಮೆಕ್‌ಬೇನ್‌ಗೂ ಸಂಬಂಧಿಸಿದ್ದಲ್ಲ, ಪೂರ್ತಿ ಫಿನ್‌ನದೇ. ಈಸ್ಟನ್ 2024ರವರೆಗೂ ಆ ಪಾತ್ರದಲ್ಲಿ ಉಳಿದರು. ಮೊದಲ ವಾರದ ಸಿಟ್ಟಿಗೆ ಎಲ್ಲರೂ ನೋಡುವುದನ್ನು ಬಿಟ್ಟಿದ್ದರೆ ಇದಾಗುತ್ತಿತ್ತೇ?

ಆದ್ದರಿಂದ ಧಾರಾವಾಹಿಯನ್ನು ಇಲ್ಲಿಗೇ ಬಿಡಬೇಡಿ ದೊಡ್ಡಮ್ಮ. ಸೂಜಿಯ ಗುಟ್ಟು ಹೊರಬರುವವರೆಗೆ ನೋಡಿ. ಅಲ್ಲಿಯವರೆಗೆ ಅವನನ್ನು ಸೈಲಸ್ ಎಂದೇ ಕರೆಯುತ್ತಿರಿ, ಪರವಾಗಿಲ್ಲ. ಯಾವ ಸಂಚಿಕೆಯಲ್ಲಿ ನಿಮ್ಮ ಬಾಯಿಗೆ ತಾನಾಗಿಯೇ ಫಿನ್ ಎಂದು ಬರುತ್ತದೆಯೋ ಅದನ್ನು ನನಗೆ ಮರೆಯದೆ ತಿಳಿಸಿ, ಕಾಯುತ್ತಿರುತ್ತೇನೆ.