ಸ್ಟ್ರೋಕ್ ಆಗಿ ಏಳು ವಾರ, ಅಪ್ಪ ಹೆಜ್ಜೆ ಇಟ್ಟರೆ ಪಾದ ಉಜ್ಜುತ್ತದೆ

ಪ್ರಶ್ನೆ: ಮೇಡಂ, ಅಪ್ಪನಿಗೆ 62 ವರ್ಷ. ಏಳು ವಾರದ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಈಗ ಮಂಡಿ ಮಡಚುತ್ತಾರೆ, ಹಿಡಿದುಕೊಂಡರೆ ನಿಲ್ಲುತ್ತಾರೆ. ಆದರೆ ಹೆಜ್ಜೆ ಇಟ್ಟರೆ ಪಾದ ನೆಲಕ್ಕೆ ಉಜ್ಜುತ್ತದೆ. ದಿನಾ ಒಂದು ಗಂಟೆ ಮಸಾಜ್ ಮಾಡುತ್ತಿದ್ದೇವೆ. ರೋಬೋಟ್ ಯಂತ್ರದಲ್ಲಿ ನಡೆಸಿದರೆ ಬೇಗ ಸರಿಹೋಗುತ್ತದಂತೆ, ಹೌದಾ? ಸಾಲ ಮಾಡಿಯಾದರೂ ಮಾಡಿಸೋಣ ಅಂತಿದ್ದೇವೆ.

ಉತ್ತರ (ಫಿಸಿಯೋಥೆರಪಿಸ್ಟ್): ಏಳು ವಾರಕ್ಕೆ ನಿಲ್ಲುತ್ತಿದ್ದಾರೆ ಅಂದರೆ ಒಳ್ಳೆ ಸೂಚನೆ. ಪೆಟ್ಟಾಗಿರುವುದು ಕಾಲಿಗಲ್ಲ, ಕಾಲನ್ನು ಆಡಿಸುವ ಮೆದುಳಿನ ಭಾಗಕ್ಕೆ. ಉಳಿದ ಭಾಗಗಳು ಆ ಕೆಲಸ ಕಲಿಯಬೇಕು. ಅದಕ್ಕೆ ಅವರೇ ಪ್ರಯತ್ನ ಪಡಬೇಕು, ಮತ್ತೆ ಮತ್ತೆ. ಮಸಾಜ್ ಹಾಯೆನಿಸುತ್ತದೆ, ನಿಜ. ಆದರೆ ಆಗ ಕೆಲಸ ಮಾಡುತ್ತಿರುವುದು ನಿಮ್ಮ ಕೈ, ಅಲ್ವಾ? ಹತ್ತು ನಿಮಿಷ ಸಾಕು, ಉಳಿದ ಹೊತ್ತು ಅವರನ್ನು ನಿಲ್ಲಿಸಿ.

ಕುರ್ಚಿಯಿಂದ ಏಳುವುದು, ಕೂರುವುದು. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಸ್ವಲ್ಪ ಎತ್ತರದ, ಅಲುಗಾಡದ ಕುರ್ಚಿ ಇರಲಿ, ಪಕ್ಕದಲ್ಲಿ ನೀವಿರಿ. ಸುಮ್ನೆ ಎದ್ದೇಳಿ ಅಂದರೆ ಅವರು ಪೂರ್ತಿ ಭಾರ ಎಡಗಾಲಿನ ಮೇಲೆ ಹಾಕಿ ಏಳುತ್ತಾರೆ, ಬಲಗಾಲಿಗೆ ರಜೆ! ಹಾಗಾಗಿ ಬಲ ಪಾದವನ್ನು ಎಡ ಪಾದಕ್ಕಿಂತ ಸ್ವಲ್ಪ ಹಿಂದೆ ಇಡಿಸಿ. ಆಗ ಭಾರ ಅದರ ಮೇಲೂ ಬೀಳುತ್ತದೆ. ತೂಕದ ಯಂತ್ರ ಎರಡಿದ್ದರೆ ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಿಸಿ ನೋಡಿ, ಎಷ್ಟು ವ್ಯತ್ಯಾಸ ಇದೆ ಅಂತ ಅವರಿಗೇ ಕಾಣುತ್ತದೆ. ಏಳುವುದು, ಕೂರುವುದು ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ನಾಲ್ಕೈದು ಸಲ. ಸುಸ್ತಾದರೆ ಅಲ್ಲಿಗೇ ಬಿಟ್ಟುಬಿಡಿ.

ಪಾದ ಉಜ್ಜುವುದಕ್ಕೆ ಪಾದದ ಅಡಿಯಿಂದ ಮೀನಖಂಡದವರೆಗೆ ಬರುವ, ಪಾದವನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಇದೆ. ಹಾಕಿದರೆ ಕಾಲು ಸೋಮಾರಿಯಾಗುತ್ತದೆ ಅಂತ ಹೆದರಬೇಡಿ. ಎಡವದೆ ನಡೆದರೆ ಜಾಸ್ತಿ ಹೆಜ್ಜೆ ಹಾಕುತ್ತಾರೆ. ಇಲ್ಲದಿದ್ದರೆ ಮಂಡಿಯ ಕೆಳಗೆ, ಹೊರಬದಿಯ ನರಕ್ಕೆ ಹೆಜ್ಜೆ ಎತ್ತುವ ಹೊತ್ತಿಗೇ ಸಣ್ಣ ಕರೆಂಟ್ ಕೊಟ್ಟು ಪಾದ ಎತ್ತಿಸುವ ಸಾಧನವೂ ಇದೆ. ಎಲ್ಲರಿಗೂ ಹೊಂದುವುದಿಲ್ಲ, ಹಾಕಿ ನೋಡಿಯೇ ತೀರ್ಮಾನ ಮಾಡಬೇಕು.

ಇನ್ನು ರೋಬೋಟ್ ಯಂತ್ರ. ಮೊದಲ ಮೂರು ತಿಂಗಳಲ್ಲಿ, ತಾವಾಗಿ ನಡೆಯಲಾಗದವರಿಗೆ ಫಿಸಿಯೋ ಜೊತೆಗೆ ಅದೂ ಸೇರಿದರೆ ಉಪಯೋಗವಿದೆ. ಆದರೆ ಅಮೆರಿಕದಲ್ಲಿ 408 ಜನರ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಕೆಲವರನ್ನು ಪಟ್ಟಿಯಲ್ಲಿ ತೂಗಿಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕೆಲವರಿಗೆ ಮನೆಗೇ ಬಂದು ವ್ಯಾಯಾಮ ಮಾಡಿಸಿದರು. ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಮ್ಮಿ ಸಮ. ಅದು ರೋಬೋಟ್ ಅಲ್ಲ, ಆದರೂ ಸಾಲ ಮಾಡುವ ಮುಂಚೆ ಯೋಚಿಸಿ. ಸುಲಭವಾಗಿ ಸಿಕ್ಕರೆ ಬೇಡ ಅನ್ನುವುದಿಲ್ಲ.

ಇನ್ನೊಬ್ಬರು: ನಮ್ಮ ಅಮ್ಮನಿಗೆ ಸ್ಟ್ರೋಕ್ ಆಗಿ ಎರಡು ವರ್ಷವಾಯಿತು. ಕಾಲು ಕಟ್ಟಿಗೆ ಥರ ಬಿಗಿಯಾಗಿದೆ. ಇನ್ನೇನೂ ಆಗಲ್ಲ ಅಂದುಬಿಟ್ಟರು.

ಉತ್ತರ: ಆರು ತಿಂಗಳ ನಂತರ ವೇಗ ಕಡಿಮೆಯಾಗುತ್ತದೆ, ಬಾಗಿಲು ಮುಚ್ಚುವುದಿಲ್ಲ. ಬಿಗಿತಕ್ಕೆ ಬೊಟುಲಿನಮ್ ಇಂಜೆಕ್ಷನ್ ಇದೆ, ಸುಮಾರು ಮೂರು ತಿಂಗಳು ಸಡಿಲ ಇರುತ್ತದೆ. ಅದು ಬಲ ಕೊಡುವುದಿಲ್ಲ. ಆ ಮೂರು ತಿಂಗಳಲ್ಲಿ ವ್ಯಾಯಾಮ ಮಾಡಿಸದಿದ್ದರೆ ಇಂಜೆಕ್ಷನ್ ದಂಡ. ವೈದ್ಯರ ಹತ್ತಿರ ಕೇಳಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಮೆಟ್ಟಿಲು ಹತ್ತಿಸಬಹುದಾ?

ಉತ್ತರ: ನಿಮ್ಮ ಫಿಸಿಯೋ ಒಪ್ಪಿದ ಮೇಲೆ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ನೀವು ಯಾವಾಗಲೂ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಬಲಗೈ ಹಿಡಿದು ಎಳೆಯಲೇಬೇಡಿ, ಆ ಭುಜ ಈಗ ಸಡಿಲ. ಸೊಂಟದ ಬೆಲ್ಟ್ ಹಿಡಿದುಕೊಳ್ಳಿ.